ಕರಾವಳಿಯಲ್ಲಿ ಸ್ಕೇಲ್ ಮಾಡೆಲ್ ಕಾರು ಕಟ್ಟುವವರು ಇದ್ದೀರಾ? ಮೊದಲ ಕಿಟ್, ಬಣ್ಣ, ಮತ್ತೆ ಈ ಮಳೆ

ಕಲ್ಸಂಕ ಕ್ಲಚ್:
ಎಲ್ಲರಿಗೂ ನಮಸ್ಕಾರ. ಭಾವ ದುಬೈಯಿಂದ ರಜೆಗೆ ಬಂದಾಗ ಒಂದು ಕಾರಿನ ಕಿಟ್ ತಂದುಕೊಟ್ಟಿದ್ದಾರೆ. ಟಮಿಯಾ ಕಂಪನಿಯದ್ದು, 1/24 ಅಳತೆಯ ಫೋಕ್ಸ್‌ವ್ಯಾಗನ್ ಬೀಟಲ್, 1966ರ ಮಾಡೆಲ್. ಶಾಲೆಗೆ ಹೋಗುವಾಗ ರಟ್ಟಿನಲ್ಲಿ ಲಾರಿ ಮಾಡಿದ್ದು ಬಿಟ್ಟರೆ ನನಗೆ ಈ ಕೆಲಸದ ಗಂಧಗಾಳಿ ಇಲ್ಲ. ಪೆಟ್ಟಿಗೆಯಲ್ಲಿ ಅಂಟೂ ಇಲ್ಲ, ಬಣ್ಣವೂ ಇಲ್ಲ. ಕೇಳಿದರೆ "ಅದನ್ನೆಲ್ಲ ವಿಮಾನದಲ್ಲಿ ಬಿಡುವುದಿಲ್ಲ" ಅಂತಾರೆ ಭಾವ. ಹೌದಾ, ಸುಮ್ನೆ ಜಾರಿಕೊಂಡರಾ?

ಏನೇನು ಸಾಮಾನು ಬೇಕು? ಫೆವಿಕ್ವಿಕ್ ಸಾಕಾ? ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥದ್ದು) ಇಲ್ಲದೆ ಬಣ್ಣ ಕೊಡಲಿಕ್ಕೆ ಆಗುತ್ತದಾ? ಅಷ್ಟಮಿ ಮುಗಿದರೂ ಇಲ್ಲಿ ಮಳೆ ನಿಂತಿಲ್ಲ, ಗೋಡೆಯೆಲ್ಲ ಪಸೆ. ಕಾರು ಕೆಂಪಾಗಬೇಕು ಅನ್ನುವುದೊಂದೇ ಸದ್ಯಕ್ಕೆ ಖಾತ್ರಿ.

ರಥಬೀದಿ 24:
ಭಾವ ಹೇಳಿದ್ದು ಸರಿಯೇ. ಸ್ಪ್ರೇ ಡಬ್ಬಿ, ಥಿನ್ನರ್, ಮಾಡೆಲ್ ಸಿಮೆಂಟ್ ಎಲ್ಲವೂ ಬೇಗ ಹೊತ್ತಿಕೊಳ್ಳುವಂಥವು. ಪ್ರಯಾಣಿಕರ ವಿಮಾನದಲ್ಲಿ ಕೈಚೀಲದಲ್ಲೂ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಬಿಡುವುದಿಲ್ಲ. ಕಿಟ್ ಗಲ್ಫಿನಿಂದ ಬರಬಹುದು, ಬಣ್ಣ ಮಾತ್ರ ಇಲ್ಲಿಯ ಆನ್‌ಲೈನ್ ಅಂಗಡಿಗಳಿಂದ ರಸ್ತೆ ದಾರಿಯಲ್ಲೇ ಬರಬೇಕು. ನಿಧಾನ ಆಗುತ್ತದೆ. ಈಗಲೇ ತರಿಸಿಡಿ.

ಮೊದಲು ಅಂಟಿನ ವಿಷಯ. ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದಕ್ಕೆ ಬೇಕಾದ್ದು ಮಾಡೆಲ್ ಸಿಮೆಂಟ್, ಅಂದರೆ ಪ್ಲಾಸ್ಟಿಕನ್ನೇ ಸ್ವಲ್ಪ ಕರಗಿಸಿ ಎರಡು ತುಂಡನ್ನು ಒಂದು ಮಾಡುವ ದ್ರವ. ಟಮಿಯಾದ ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್ ಎಲ್ಲರಿಗೂ ಅಭ್ಯಾಸ ಆಗಿರುವ ಬಾಟಲಿ. ಎರಡು ಭಾಗಗಳನ್ನು ಒಣದಾಗಿಯೇ ಜೋಡಿಸಿ ಹಿಡಿದು, ಸಂದಿಗೆ ಬ್ರಷ್ಷಿನ ತುದಿ ಮುಟ್ಟಿಸಿದರೆ ಸಾಕು. ದ್ರವ ತಾನೇ ಒಳಗೆ ಓಡುತ್ತದೆ. ಆದರೆ ನಿಮ್ಮ ಬೆರಳು ಸಂದಿಯ ಮೇಲೆ ಇರಬಾರದು. ಇದ್ದರೆ ಬೆರಳಿನ ಅಡಿಗೂ ಓಡಿ, ಬಾಡಿಯ ಮೇಲೆ ನಿಮ್ಮ ಹೆಬ್ಬೆಟ್ಟಿನ ಗುರುತು ಖಾಯಂ ಕೂತುಬಿಡುತ್ತದೆ.

ಫೆವಿಕ್ವಿಕ್ ಅಂಟುತ್ತದೆ ನಿಜ, ಗಾಜಿನ ಭಾಗದ ಹತ್ತಿರ ಮಾತ್ರ ತರಬೇಡಿ. ಅದರ ಆವಿ ಗಾಳಿಯ ತೇವದ ಜೊತೆ ಸೇರಿ ಬಿಳಿ ಪುಡಿಯಾಗಿ ಕೂರುತ್ತದೆ, ಕಿಟಕಿ ಮಬ್ಬಾಗುತ್ತದೆ. ಕಿಟಕಿಗೆ ನಮ್ಮ ಬಿಳಿ ಫೆವಿಕಾಲ್ ಸಾಕು. ಒಣಗಿದರೆ ಪಾರದರ್ಶಕ, ಹೆಚ್ಚಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ಇನ್ನು ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಲಿಕ್ಕೆ ಒಂದು ಸಣ್ಣ ನಿಪ್ಪರ್, ಬ್ಲೇಡ್ ಬದಲಿಸುವ ಹಾಬಿ ಚಾಕು, ಚಿಮುಟ, 400ರಿಂದ 2000ದವರೆಗೆ ವಾಟರ್ ಪೇಪರ್ (ಸಂಖ್ಯೆ ಏರಿದಷ್ಟೂ ನುಣುಪು), ಮಾಸ್ಕಿಂಗ್ ಟೇಪ್. ಇಷ್ಟೇ. ಮೂವತ್ತು ಸಾಮಾನಿನ ಟೂಲ್ ಕಿಟ್ ಅಂತ ಆನ್‌ಲೈನಲ್ಲಿ ಬರುತ್ತದಲ್ಲ, ಅದನ್ನು ತೆಗೆದುಕೊಳ್ಳಬೇಡಿ. ಅದರಲ್ಲಿ ಅರ್ಧಕ್ಕರ್ಧ ಡ್ರಾಯರ್ ತುಂಬಿಸುವ ಸಾಮಾನು.

ಬಿಜೈ ಬಂಪರ್:
ನನ್ನ ಅಭಿಪ್ರಾಯ ಬೇರೆ. ಬೀಟಲನ್ನು ಮುಟ್ಟಬೇಡಿ, ಒಳಗಿಡಿ. ಕ್ರೋಮ್ ಪಟ್ಟಿ, ದುಂಡು ಮಡ್‌ಗಾರ್ಡ್, ಎಲ್ಲಿ ನೋಡಿದರೂ ಹೊಳಪು. ಕೈ ಪಳಗದವರಿಗೆ ಅದು ಕಷ್ಟ. ಅಓಶಿಮಾದವರ 1/32 ಸ್ನ್ಯಾಪ್ ಕಿಟ್ ಅಂತ ಬರುತ್ತದೆ. ಅಂಟು ಬೇಡ, ಬಣ್ಣ ಬೇಡ, ಪ್ಲಾಸ್ಟಿಕ್ಕೇ ಬಣ್ಣದ್ದು. ಅದರಲ್ಲಿ ಸುಜುಕಿ ಜಿಮ್ನಿ ಉಂಟು. ಅದನ್ನೊಂದು ಕಟ್ಟಿ ನೋಡಿ, ನಿಪ್ಪರ್ ಹಿಡಿಯುವುದು ಅಭ್ಯಾಸ ಆಗುತ್ತದೆ.

ಅದೂ ಬೇಡ ಅಂದರೆ ಹಾಟ್ ವೀಲ್ಸ್ ತೆಗೆದುಕೊಂಡು ಅಡಿಯ ರಿವೆಟ್ ಡ್ರಿಲ್ ಮಾಡಿ ಬಿಚ್ಚಿ, ಹಳೆ ಬಣ್ಣ ತೆಗೆದು ಹೊಸ ಬಣ್ಣ ಕೊಡಿ. ಹಾಳಾದರೂ ಹೊಟ್ಟೆ ಉರಿಯುವುದಿಲ್ಲ. ಪೇಂಟ್ ರಿಮೂವರ್ ಲೋಹದ ಬಾಡಿಗಷ್ಟೇ, ಪ್ಲಾಸ್ಟಿಕ್ ಭಾಗ ಮೊದಲೇ ಬೇರೆ ಮಾಡಿಟ್ಟುಕೊಳ್ಳಿ.

ರಥಬೀದಿ 24:
ಹಾಟ್ ವೀಲ್ಸ್ ಒಳ್ಳೆಯ ಆಟ, ಆದರೆ ಅದು ಬೇರೆಯೇ ಕೆಲಸ ಅಲ್ವಾ? ಅಲ್ಲಿ ಕಟ್ಟುವುದು ಏನೂ ಇಲ್ಲ. ಮೂರಿಂಚಿನ ಕಾರಿನಲ್ಲಿ ಕಿಟಕಿಯ ರಬ್ಬರಿಗೆ ಬಣ್ಣ ಕೊಡುವುದು 1/24ಕ್ಕಿಂತ ಕಷ್ಟ. ನಿಜವಾದ ಬೀಟಲ್ ನಾಲ್ಕು ಮೀಟರಿಗಿಂತ ಸ್ವಲ್ಪ ಉದ್ದ, 24ರಿಂದ ಭಾಗಿಸಿದರೆ ಸುಮಾರು 17 ಸೆಂಟಿಮೀಟರ್. ಕೈಯಲ್ಲಿ ಹಿಡಿಯಲಿಕ್ಕೆ, ಕಣ್ಣಿಗೆ ಕಾಣಲಿಕ್ಕೆ ಅದೇ ಹದ. ಜಿಮ್ನಿಯ ಮಾತು ಒಪ್ಪುತ್ತೇನೆ. ಆದರೆ ಮನಸ್ಸಿರುವುದು ಬೀಟಲ್ ಮೇಲೆ ಆದರೆ ಬೀಟಲ್ಲೇ ಕಟ್ಟಲಿ. ಬೇಡದ ಕಾರು ಕಟ್ಟಲು ಕೂತವರು ಅರ್ಧಕ್ಕೇ ಏಳುತ್ತಾರೆ.

ಕಲ್ಸಂಕ ಕ್ಲಚ್:
ಬೀಟಲ್ಲೇ. ನಿಪ್ಪರ್, ಸಿಮೆಂಟ್ ಆರ್ಡರ್ ಹಾಕಿದೆ. ಇನ್ನೊಂದು ಪ್ರಶ್ನೆ. ನಮ್ಮ ಮನೆ ಹತ್ತಿರ ಗ್ಯಾರೇಜಿನಲ್ಲಿ ಒಬ್ಬರು ಪೇಂಟರ್ ಇದ್ದಾರೆ, ಒಳ್ಳೆ ಕೈ. "ತನ್ನಿ, ಐದು ನಿಮಿಷದಲ್ಲಿ ಹೊಡೆದು ಕೊಡುತ್ತೇನೆ" ಅಂತಾರೆ. ಕೊಡಬಹುದಾ?

ಬಂದರ್ ಗನ್ನು:
ನಾನು ಅದೇ ಕಸುಬಿನವನು, ಮಂಗಳೂರು ಬಂದರಿನ ಹತ್ತಿರ ಟಿಂಕರಿಂಗ್-ಪೇಂಟಿಂಗ್ ಶೆಡ್ಡು. ಹೇಳುತ್ತೇನೆ ಕೇಳಿ. ನಮ್ಮ ಎನ್‌ಸಿ (ನೈಟ್ರೋಸೆಲ್ಯುಲೋಸ್ ಬಣ್ಣದ) ಥಿನ್ನರ್ ತುಂಬ ಖಾರ. ತಗಡಿಗೆ ಸರಿ. ಸ್ಟೈರೀನಿನ ಮೇಲೆ ಒದ್ದೆಯಾಗಿ ಹೊಡೆದರೆ ಮೇಲ್ಮೈ ಬಿರಿಯುತ್ತದೆ, ಅಂಚುಗಳು ಕರಗುತ್ತವೆ, ಬಾಗಿಲಿನ ಗೆರೆ ಮಾಯ. ಮತ್ತೆ ನಮ್ಮ ಗನ್ನಿನ ಒಂದು ಏಟಿಗೆ ಬೀಳುವ ಬಣ್ಣ ನಿಮ್ಮ ಕಾರಿಗೆ ಮೂರು ಕೋಟ್ ಆಯಿತು.

ಬಣ್ಣದ ಮೇಲೆ ಹೊಳಪಿಗೆ ಪಾರದರ್ಶಕ ಕ್ಲಿಯರ್ ಹೊಡೆಯುತ್ತಾರಲ್ಲ, ಎರಡು ಡಬ್ಬಿ ಬೆರೆಸುವ ಟೂ-ಕೆ, ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಶ್ವಾಸಕೋಶಕ್ಕೆ ಅದು ಕೆಟ್ಟದ್ದು, ಒಮ್ಮೆ ಮೈಗೆ ಹಿಡಿಸಿಕೊಂಡರೆ ಆಮೇಲೆ ಸ್ವಲ್ಪ ವಾಸನೆಗೂ ಉಬ್ಬಸ ಬರಬಹುದು. ಮನೆಯೊಳಗೆ ಅದರ ಸುದ್ದಿಯೇ ಬೇಡ.

ಪೇಂಟರ್ ಹತ್ತಿರ ಕಲಿಯಬೇಕಾದ್ದು ಬಣ್ಣ ಹೊಡೆಯುವುದಲ್ಲ, ಉಜ್ಜುವುದು. ವಾಟರ್ ಪೇಪರನ್ನು ನೀರಲ್ಲಿ ನೆನೆಸಿ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಬೆರಳಿನ ತುದಿ ಒತ್ತದೆ ಚಪ್ಪಟೆಯಾಗಿ ಉಜ್ಜುವುದನ್ನು ಅವರು ತೋರಿಸಿಕೊಡಲಿ. ನಿಮ್ಮ ಬಾಡಿಯ ಮಡ್‌ಗಾರ್ಡಿನ ಮೇಲೆ, ಚಾವಣಿಯ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಏರು ಗೆರೆ ಇರಬಹುದು. ಅಚ್ಚಿನ ಎರಡು ಭಾಗ ಸೇರಿದ ಜಾಗ ಅದು. ಕಣ್ಣಿಗೆ ಕಾಣಿಸದಿದ್ದರೆ ಉಗುರು ಎಳೆದು ನೋಡಿ, ತಾಗುತ್ತದೆ. ಚಾಕುವಿನ ಬೆನ್ನಿನಿಂದ ಕೆರೆದು, 600, ಆಮೇಲೆ 1000. ಇದನ್ನು ಬಿಟ್ಟರೆ ಹೊಳಪಿನ ಬಣ್ಣ ಬಿದ್ದ ಮೇಲೆ ಆ ಗೆರೆ ಎದ್ದು ಕಾಣುತ್ತದೆ, ಆಗ ಎಂತ ಮಾಡಿದರೂ ಆಗುವುದಿಲ್ಲ.

ಬಾಗಿಲು, ಬಾನೆಟ್ಟಿನ ಗೆರೆಗಳನ್ನೂ ಪ್ರೈಮರ್ (ಬಣ್ಣದ ಅಡಿಗೆ ಕೊಡುವ ಪದರ) ಹೊಡೆಯುವ ಮೊದಲೇ ಚಾಕುವಿನ ಬೆನ್ನಿನಿಂದ ಸ್ವಲ್ಪ ಆಳ ಮಾಡಿ. ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿ ಅದನ್ನು ತುಂಬುತ್ತವೆ.

ಕಲ್ಸಂಕ ಕ್ಲಚ್:
ಉಪಕಾರ ಆಯಿತು. ಗ್ಯಾರೇಜಿನವರಿಗೆ ಹೇಳಿದೆ, ನಕ್ಕರು, ಆದರೆ ಉಜ್ಜುವುದು ತೋರಿಸಿಕೊಟ್ಟರು. ವಾಟರ್ ಪೇಪರ್ ಅವರೇ ಕೊಟ್ಟರು.

ಮಣಿಪಾಲ ಮೂರನೇ ಮಹಡಿ:
ನಾನು ಹಾಸ್ಟೆಲಿನಲ್ಲಿರುವವಳು. ಸ್ಪ್ರೇ ಅಂದರೆ ವಾರ್ಡನ್ ಮೇಡಂ ಓಡಿಸುತ್ತಾರೆ. ಬ್ರಷ್ಷಿನಲ್ಲೇ ಪೂರ್ತಿ ಕಾರು ಆಗಲ್ವಾ?

ರಥಬೀದಿ 24:
ಆಗುತ್ತದೆ, ಆದರೆ ಶೋರೂಮಿನ ಹೊಳಪು ಬೇಕೆಂದರೆ ಕಷ್ಟ. ಮ್ಯಾಟ್ ಬಣ್ಣದ ಗಾಡಿ ಆರಿಸಿಕೊಳ್ಳಿ. ಮಿಲಿಟರಿ ಜೀಪು, ಕೆಸರು ಮೆತ್ತಿದ ರ‍್ಯಾಲಿ ಕಾರು ಅಂಥದ್ದು. ವಲೆಹೋ ಥರದ ನೀರಿನ ಅಕ್ರಿಲಿಕ್ ಬ್ರಷ್ಷಿಗೆ ಒಗ್ಗುತ್ತದೆ, ವಾಸನೆಯೂ ಕಡಿಮೆ. ತೆಳುವಾಗಿ ಎರಡು-ಮೂರು ಸಲ ಕೊಡಿ. ಟಮಿಯಾದ ಅಕ್ರಿಲಿಕ್ ಬ್ರಷ್ಷಿಗೆ ಅಷ್ಟು ಒಳ್ಳೆಯದಲ್ಲ. ಎರಡನೇ ಸಲ ಎಳೆಯುವಾಗ ಕೆಳಗಿನ ಬಣ್ಣವನ್ನೂ ಎಬ್ಬಿಸಿಬಿಡುತ್ತದೆ. ಸೀಟು, ಡ್ಯಾಶ್‌ಬೋರ್ಡ್, ಸೈಲೆನ್ಸರ್ ಥರದ ಸಣ್ಣ ಭಾಗಕ್ಕೆ ತೊಂದರೆ ಇಲ್ಲ.

ಸ್ಪ್ರೇ ಮಾಡುವವರಿಗೆ ಒಂದು ಮಾತು. ಕೊರೋನ ಕಾಲದ ಎನ್95 ಮಾಸ್ಕ್ ಧೂಳನ್ನು ತಡೆಯುತ್ತದೆ, ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಆವಿಗೆಂದೇ ಇರುವ ಕಾರ್ಟ್ರಿಜ್ ಹಾಕಿದ ಮಾಸ್ಕ್ ಬೇಕು.

ಕಲ್ಸಂಕ ಕ್ಲಚ್:
ಬಣ್ಣ ಬಂತು! ಟಮಿಯಾದ ಸ್ಪ್ರೇ ಡಬ್ಬಿ ಟಿಎಸ್-8 ಇಟಾಲಿಯನ್ ರೆಡ್, ಟಿಎಸ್-13 ಕ್ಲಿಯರ್, ಪ್ರೈಮರ್. ತಡೆಯಲಿಕ್ಕೆ ಆಗದೆ ನಿನ್ನೆ ಸಂಜೆ ತಾರಸಿಯಲ್ಲಿ ಒಂದು ಪ್ಲಾಸ್ಟಿಕ್ ಚಮಚಕ್ಕೆ ಹೊಡೆದು ನೋಡಿದೆ. ಮೇಲೆ ಶೀಟ್ ಉಂಟು, ಹನಿ ಬಿದ್ದಿಲ್ಲ. ಆದರೂ ಕೆಂಪಿನ ಮೇಲೆ ಹೊಗೆ ಹಿಡಿದ ಹಾಗೆ ಬಿಳಿ ಮುಸುಕು. ಡಬ್ಬಿಯೇ ಹಳತಾ?

ರಥಬೀದಿ 24:
ಡಬ್ಬಿ ಸರಿ ಉಂಟು. ಇದು ನಮ್ಮ ಊರಿನ ಹವೆಯ ಕೆಲಸ. ಬ್ಲಶಿಂಗ್ ಅಂತಾರೆ.

ಟಿಎಸ್ ಡಬ್ಬಿಯಲ್ಲಿರುವುದು ಲ್ಯಾಕರ್. ಅದರ ಥಿನ್ನರ್ ಬಹಳ ಬೇಗ ಆರುತ್ತದೆ. ಆರುವಾಗ ಬಣ್ಣದ ಪದರವನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ತಂಪಿಗೆ ನೀರು ಬಣ್ಣದೊಳಗೇ ಇಳಿದು ಸಿಕ್ಕಿಕೊಳ್ಳುತ್ತದೆ. ಅದೇ ಆ ಬಿಳಿ. ಹನಿ ಬೀಳಬೇಕಂತ ಇಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಶೀಟಿನ ಅಡಿಯೂ ಒಂದೇ, ಬಯಲೂ ಒಂದೇ. ಜಪಾನಿನವರೋ ಅಮೆರಿಕದವರೋ ಯೂಟ್ಯೂಬಿನಲ್ಲಿ "ಹೊಡೆಯಿರಿ, ಹದಿನೈದು ನಿಮಿಷ ಬಿಡಿ, ಪುನಃ ಹೊಡೆಯಿರಿ" ಅಂತ ಹೇಳುವುದನ್ನು ಕರಾವಳಿಯ ಆಗಸ್ಟಿನಲ್ಲಿ ಹಾಗೆಯೇ ಮಾಡಲಿಕ್ಕೆ ಆಗುವುದಿಲ್ಲ.

ಗಾಳಿಯ ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ತೆಗೆದುಕೊಳ್ಳಿ. ಏರ್‌ಬ್ರಷ್ಷಿಗಿಂತ ಮೊದಲು ಅದು. ನಾನು 65 ಶೇಕಡಾದ ಮೇಲೆ ತೋರಿಸಿದರೆ ಹೊಳಪಿನ ಬಣ್ಣ ಹೊಡೆಯುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ, ಮಧ್ಯಾಹ್ನದ ಹೊತ್ತಿಗೆ ಅದು ಇಳಿಯುತ್ತದೆ. ಬೆಳಿಗ್ಗೆ ಬೇಗ ಬೇಡ, ಸೂರ್ಯಾಸ್ತದ ನಂತರವೂ ಬೇಡ. ಮೇ-ಜೂನಿನ ಮೊದಲ ಮಳೆಯ ಸಂಜೆ ಅಂತೂ ಬೇಡವೇ ಬೇಡ. ದೀಪಕ್ಕೆ ಬರುವ ಮಳೆಹುಳ ನೇರ ಬಂದು ಹಸಿ ಬಣ್ಣದ ಮೇಲೆ ಕೂರುತ್ತದೆ, ರೆಕ್ಕೆ ಬಿಟ್ಟು ಹೋಗುತ್ತದೆ.

ಅಲ್ಲಿಯವರೆಗೆ ಮಾಡಲು ಬೇಕಷ್ಟು ಕೆಲಸ ಉಂಟು. ಒಳಭಾಗ, ಚಾಸಿಸ್, ಚಕ್ರ, ಉಜ್ಜುವುದು. ಮ್ಯಾಟ್ ಅಕ್ರಿಲಿಕ್ಕಿಗೆ ಈ ಹವೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ, ಒಣಗುವುದು ನಿಧಾನ ಅಷ್ಟೆ.

ಬಿಜೈ ಬಂಪರ್:
ಡಿಸೆಂಬರ್ ತನಕ ಕಾಯುವುದಾ? ಎಸಿ ರೂಮಿನಲ್ಲಿ ಡ್ರೈ ಮೋಡ್ ಹಾಕಿ ಏರ್‌ಬ್ರಷ್ ಹೊಡೆದರೆ ಮಳೆಗಾಲದಲ್ಲೂ ಆಗುತ್ತದೆ. ನಾನು ಮಾಡುತ್ತೇನೆ. ಥಿನ್ನರಿಗೆ ಸ್ವಲ್ಪ ರಿಟಾರ್ಡರ್ ಹಾಕಿ, ಆರುವುದು ನಿಧಾನವಾಗುತ್ತದೆ, ಮುಸುಕು ಕಡಿಮೆ. ಕಂಪ್ರೆಸರಿಗೆ ನೀರು ಹಿಡಿಯುವ ಟ್ರ್ಯಾಪ್ ಇರಲೇಬೇಕು. ನಮ್ಮಲ್ಲಿ ಅದರ ಬಟ್ಟಲು ನೋಡನೋಡುತ್ತಲೇ ತುಂಬುತ್ತದೆ.

ರಥಬೀದಿ 24:
ನಿಮ್ಮ ಹತ್ತಿರ ಹೊರಗೆ ಗಾಳಿ ಎಳೆಯುವ ಬೂತ್ ಉಂಟು, ಅದನ್ನೂ ಹೇಳಿ ಮಾರಾಯ್ರೆ. ಬಾಗಿಲು ಹಾಕಿದ ಎಸಿ ರೂಮಿನಲ್ಲಿ ಲ್ಯಾಕರ್ ಹೊಡೆಯಿರಿ ಅಂದರೆ ಹೊಸಬರು ಹಾಗೇ ಮಾಡಿಬಿಡುತ್ತಾರೆ. ಏರ್‌ಬ್ರಷ್, ಟ್ಯಾಂಕ್ ಇರುವ ಕಂಪ್ರೆಸರ್, ಬೂತ್ ಎಲ್ಲ ಸೇರಿದರೆ ಆ ದುಡ್ಡಿಗೆ ಎಷ್ಟು ಕಿಟ್ ಬರುತ್ತದೆ? ಎರಡು-ಮೂರು ಕಾರು ಡಬ್ಬಿಯಲ್ಲಿ ಮಾಡಿ ಆಮೇಲೆ ಯೋಚಿಸಲಿ.

ಬಿಜೈ ಬಂಪರ್:
ಬೂತಿನ ಮಾತು ಸರಿ. ಅದಿಲ್ಲದೆ ಒಳಗೆ ಹೊಡೆಯಬೇಡಿ.

ಸುರತ್ಕಲ್ ಸೈಡ್‌ಸೀಟ್:
ನಡುವೆ ಬಾಯಿ ಹಾಕುತ್ತೇನೆ. ನಾನು ಕಾರಿನವನಲ್ಲ, ಬಸ್ಸಿನವನು. ಮಂಗಳೂರು–ಉಡುಪಿ ಸರ್ವಿಸ್ ಬಸ್ಸನ್ನು ಸನ್‌ಬೋರ್ಡಿನಲ್ಲಿ (ಹಗುರ ಪ್ಲಾಸ್ಟಿಕ್ ಹಲಗೆ) ಕಟ್ಟುತ್ತಿದ್ದೇನೆ. ಕಿಟ್ ಎಲ್ಲಿಂದ ಬರಬೇಕು, ಎಲ್ಲ ಅಳತೆ ತೆಗೆದೇ ಮಾಡಬೇಕು. ಸೀಟಿಗೆ ಥರ್ಮಕೋಲ್ ಹಾಕಿ ಸ್ಪ್ರೇ ಮಾಡಬಹುದಾ?

ಬಂದರ್ ಗನ್ನು:
ಥರ್ಮಕೋಲ್ ಕರಗಿ ಗುಂಡಿ ಬೀಳುತ್ತದೆ. ಅದೂ ಸ್ಟೈರೀನೇ, ನೊರೆ ರೂಪದ್ದು. ಮೊದಲು ಫೆವಿಕಾಲ್ ನೀರು ಮಾಡಿ ಪೂರ್ತಿ ಬಳಿದು ಒಣಗಿಸಿ, ಮೇಲೆ ಅಕ್ರಿಲಿಕ್ ಬ್ರಷ್ಷಿನಲ್ಲಿ. ಸ್ಪ್ರೇ ಬೇಡ. ಬಸ್ಸು ಯಾವ ಅಳತೆ? 1/24 ಆದರೆ ಅರ್ಧ ಮೀಟರ್ ಹತ್ತಿರ ಬರುತ್ತದೆ, ಇಡಲಿಕ್ಕೆ ಜಾಗ ನೋಡಿಕೊಳ್ಳಿ. ಫೋಟೋ ಹಾಕಿ, ಹಿಂದಿನ ಏಣಿ ಮರೆಯಬೇಡಿ.

ಕಲ್ಸಂಕ ಕ್ಲಚ್:
ಡಿಸೆಂಬರ್ ಬಂತು, ನಾನೂ ಬಂದೆ. ಸೀಟು, ಚಾಸಿಸ್, ಚಕ್ರ ಎಲ್ಲ ಮುಗಿದಿದೆ. ಬಾಡಿ ಉಜ್ಜಿ, ಸೋಪು ನೀರಲ್ಲಿ ತೊಳೆದು ಇಟ್ಟಿದ್ದೇನೆ. ಹೈಗ್ರೋಮೀಟರ್ ಮಧ್ಯಾಹ್ನ 58 ತೋರಿಸುತ್ತಿದೆ. ನಾಳೆ ಭಾನುವಾರ. ಹೇಗೆ ಹೊಡೆಯಲಿ ಅಂತ ಬಿಡಿಸಿ ಹೇಳಿ.

ಬಂದರ್ ಗನ್ನು:
ಪ್ರೈಮರ್ ಯಾವ ಬಣ್ಣ? ಬೂದು ಆದರೆ ಕೆಂಪು ಮಂಕಾಗುತ್ತದೆ. ಬಿಳಿ ಅಥವಾ ಗುಲಾಬಿ ಹಾಕಿ. ಗುಲಾಬಿಯ ಮೇಲೆ ಕೆಂಪು ಬೇಗ ತುಂಬುತ್ತದೆ, ಕೋಟ್ ಕಡಿಮೆ ಸಾಕು.

ಡಬ್ಬಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಒತ್ತಡ ಏರುತ್ತದೆ, ಹನಿ ಸಣ್ಣದಾಗುತ್ತದೆ. ಕುದಿಯುವ ನೀರಿಗೆ, ಒಲೆಯ ಹತ್ತಿರಕ್ಕೆ ಖಂಡಿತ ಬೇಡ, ಸಿಡಿಯುತ್ತದೆ. ಚೆನ್ನಾಗಿ ಕುಲುಕಿ. ಬಾಡಿಯನ್ನು ಖಾಲಿ ಬಾಟಲಿಯ ಮೇಲೆ ಒಳಗಿನಿಂದ ಟೇಪ್ ಹಾಕಿ ನಿಲ್ಲಿಸಿ, ಆಗ ಬಾಟಲಿ ಹಿಡಿದು ತಿರುಗಿಸಬಹುದು. ಒಂದು ಗೇಣು ದೂರ. ಗುಂಡಿಯನ್ನು ಕಾರಿನ ಹೊರಗೆ ಒತ್ತಿ, ಕಾರನ್ನು ದಾಟಿಸಿ, ಆಚೆ ಹೋಗಿ ಬಿಡಿ. ಕಾರಿನ ಮೇಲೆಯೇ ಶುರು ಮಾಡಿ ಅಲ್ಲೇ ನಿಲ್ಲಿಸಿದರೆ ಗುಡ್ಡೆ ಬೀಳುತ್ತದೆ.

ಮೊದಲ ಎರಡು ಸಲ ಮಂಜಿನ ಹಾಗೆ ಮಾತ್ರ. ಅಡಿಯ ಪ್ರೈಮರ್ ಕಾಣುತ್ತಲೇ ಇರಲಿ, ಗಾಬರಿ ಬೇಡ. ಹುಲಿವೇಷಕ್ಕೆ ಬಣ್ಣ ಹಾಕುವಾಗ ನೋಡಿದ್ದೀರಲ್ಲ, ಅಡಿಯ ಹಳದಿ ಆರುವವರೆಗೆ ಹುಲಿ ಕೈ ಅಗಲಿಸಿ ನಿಂತೇ ಇರಬೇಕು, ಪಟ್ಟೆ ಆಮೇಲೆ. ಹಾಗೇ ಇದು. ಬಾಗಿಲಿನ ಅಂಚು, ಮಡ್‌ಗಾರ್ಡಿನ ಕೆಳಭಾಗ ಮೊದಲು ಹೊಡೆಯಿರಿ, ಅಲ್ಲಿಗೆ ಬಣ್ಣ ಸುಲಭವಾಗಿ ಹೋಗುವುದಿಲ್ಲ. ಕೊನೆಯ ಕೋಟ್ ಮಾತ್ರ ಒದ್ದೆಯಾಗಿ ಹೊಳೆಯಬೇಕು. ಹೊಳೆದ ಕೂಡಲೇ ನಿಲ್ಲಿಸಿ. ಇನ್ನೊಂದು ಸ್ವಲ್ಪ ಅಂತ ಕೈ ಹೋದರೆ ಇಳಿಯುತ್ತದೆ.

ಮೇಲೊಂದು ಡಬ್ಬ ಮಗುಚಿ ಹಾಕಿ, ಧೂಳು ಕೂರದ ಹಾಗೆ. ಬಿಸಿಲಿಗೆ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಒಣಗಿಸಲು ಇಡಬೇಡಿ. ಬಾಡಿಯೇ ಸೊಟ್ಟ ಆಗುತ್ತದೆ.

ರಥಬೀದಿ 24:
ಒಂದು ಸೇರಿಸುತ್ತೇನೆ. ಟಮಿಯಾ ಡಬ್ಬಿಯ ಮೇಲೆ ಟಿಎಸ್ ಅಂತ ಇದೆಯಾ ನೋಡಿ. ಪಿಎಸ್ ಅಂತ ಇದ್ದರೆ ಅದು ರಿಮೋಟ್ ಕಾರಿನ ಪಾಲಿಕಾರ್ಬೊನೇಟ್ ಬಾಡಿಯದ್ದು, ಈ ಪ್ಲಾಸ್ಟಿಕ್ಕಿಗೆ ಆಗುವುದಿಲ್ಲ. ಮತ್ತೆ ಕ್ರಮ ನೆನಪಿಡಿ. ಲ್ಯಾಕರಿನ ಮೇಲೆ ಅಕ್ರಿಲಿಕ್ ಅಥವಾ ಎನಾಮಲ್ ಕೊಡಬಹುದು. ಎನಾಮಲ್, ಅಕ್ರಿಲಿಕ್ಕಿನ ಮೇಲೆ ಲ್ಯಾಕರ್ ಹೊಡೆದರೆ ಅಡಿಯದ್ದು ಸುಕ್ಕುಗಟ್ಟಬಹುದು.

ಕಲ್ಸಂಕ ಕ್ಲಚ್:
ಹೊಡೆದೆ. ಕೆಂಪು ಕೂತಿದೆ, ಮುಸುಕು ಇಲ್ಲ! ಬಾನೆಟ್ಟಿನ ಮೇಲೆ ಎರಡು ಧೂಳಿನ ಕಣ ಮಾತ್ರ. ಅಮ್ಮ "ಮಾಣಿಗೆ ಕೆಲಸ ಇಲ್ಲ" ಅಂತ ಹೇಳುತ್ತಲೇ ದಿನಕ್ಕೆ ಎರಡು ಸಲ ಡಬ್ಬ ಎತ್ತಿ ನೋಡುತ್ತಿದ್ದಾರೆ. ಇನ್ನು ಕ್ರೋಮ್ ಪಟ್ಟಿ ಹೇಗೆ?

ಬಿಜೈ ಬಂಪರ್:
ಅಮ್ಮನಿಗೆ ಡಬ್ಬ ಎತ್ತಬಾರದು ಅಂತ ಹೇಳಿ ಮೊದಲು. ವಾರ ಕಳೆಯಲಿ, ಆಮೇಲೆ ಆ ಕಣಗಳನ್ನು 2000ದ ವಾಟರ್ ಪೇಪರಿನ ಸಣ್ಣ ತುಂಡಲ್ಲಿ ಅಷ್ಟೇ ಜಾಗಕ್ಕೆ ಉಜ್ಜಿ. ಅಂಚುಗಳ ಹತ್ತಿರ ಹೋಗಬೇಡಿ, ಅಲ್ಲಿ ಬಣ್ಣ ತೆಳು.

ಡಿಕಾಲ್, ಅಂದರೆ ನೀರಲ್ಲಿ ಅದ್ದಿ ಅಂಟಿಸುವ ತೆಳು ಚಿತ್ರ, ಇದ್ದರೆ ಅದನ್ನು ಕ್ಲಿಯರಿನ ಮೊದಲು ಅಂಟಿಸಿ. ನೀರಲ್ಲಿ ಹತ್ತು-ಹದಿನೈದು ಸೆಕೆಂಡ್ ಅದ್ದಿ ತೆಗೆದು, ಕಾಗದದ ಮೇಲೆ ತಾನಾಗಿ ಜಾರುವವರೆಗೆ ಕಾಯಿರಿ. ಎಳೆಯಬೇಡಿ. ಟಿಎಸ್-13 ಒಂದೇ ಸಲ ದಪ್ಪ ಹೊಡೆದರೆ ಡಿಕಾಲನ್ನು ತಿನ್ನುತ್ತದೆ, ಮಂಜಿನ ಹಾಗೆ ಎರಡು-ಮೂರು ಸಲ ಹೊಡೆದು ಆಮೇಲೆ ಒದ್ದೆ.

ಕ್ರೋಮ್ ಪಟ್ಟಿಗೆ ಎರಡು ದಾರಿ. ಮೊಲೊಟೋ ಲಿಕ್ವಿಡ್ ಕ್ರೋಮ್ ಪೆನ್ನು ಸುಲಭ. ಗೆರೆ ಎಳೆದು ಒಂದೆರಡು ದಿನ ಮುಟ್ಟಬಾರದು, ಬೆರಳು ತಾಗಿದರೆ ಬೂದು ಬಣ್ಣ. ಇನ್ನೊಂದು ಬೇರ್-ಮೆಟಲ್ ಫಾಯಿಲ್, ಅಂಟು ಇರುವ ತೆಳು ಲೋಹದ ಹಾಳೆ. ಪಟ್ಟಿಗಿಂತ ಸ್ವಲ್ಪ ಅಗಲ ಕತ್ತರಿಸಿ ಮೇಲೆ ಇಡಿ, ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಒತ್ತಿ ಉಜ್ಜಿ. ಆಗ ಪಟ್ಟಿಯ ಅಂಚು ಮೂಡಿ ಕಾಣುತ್ತದೆ. ಆ ಅಂಚಿನಲ್ಲೇ ಹೊಸ ಬ್ಲೇಡನ್ನು ಭಾರ ಹಾಕದೆ ಎಳೆಯಿರಿ, ಹೆಚ್ಚಿನದ್ದು ಸಿಪ್ಪೆಯಾಗಿ ಬರುತ್ತದೆ. ಹಳೆ ಬ್ಲೇಡ್ ಆದರೆ ಹಾಳೆ ಹರಿಯುತ್ತದೆ. ಕಷ್ಟ, ಆದರೆ ಪೆನ್ನಿಗಿಂತ ನೂರು ಪಾಲು ಚೆಂದ.

ರಥಬೀದಿ 24:
ಹೊಳಪಿನಲ್ಲಿ ಪೆನ್ನು ಹಿಂದೆ ಬೀಳುವುದಿಲ್ಲ. ಆದರೆ ಕೈ ತಾಗುವ ಜಾಗಕ್ಕೆ ಫಾಯಿಲ್ಲೇ, ಒಪ್ಪಿದೆ. ಕಿಟಕಿಯ ರಬ್ಬರಿಗೆ ಟಮಿಯಾ ಅಕ್ರಿಲಿಕ್ಕಿನ ಎಕ್ಸ್-18 ಸೆಮಿ ಗ್ಲಾಸ್ ಬ್ಲ್ಯಾಕ್. ಪೂರ್ತಿ ಕಪ್ಪು ಹೊಳಪು ಹಾಕಿದರೆ ಆಟಿಕೆ ಥರ ಕಾಣುತ್ತದೆ.

ಇನ್ನೊಂದು ಕಿಟ್ ತರಿಸಿಟ್ಟವರಿಗೆ: ಡಿಕಾಲ್ ಹಾಳೆಯನ್ನು ಪೆಟ್ಟಿಗೆಯಿಂದ ತೆಗೆದು ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನಮ್ಮ ಮಳೆಗಾಲಕ್ಕೆ ಪೆಟ್ಟಿಗೆಗೆ ಬೂಸರು ಬರುತ್ತದೆ, ಡಿಕಾಲ್ ಮೇಲಿನ ಕಾಗದಕ್ಕೆ ಅಂಟಿಕೊಳ್ಳುತ್ತದೆ.

ಮಣಿಪಾಲ ಮೂರನೇ ಮಹಡಿ:
ನಾನು ಮ್ಯಾಟ್ ಹಸಿರಿನ ಜೀಪು ಶುರು ಮಾಡಿದೆ, ಪೂರ್ತಿ ಬ್ರಷ್ಷಿನಲ್ಲೇ. ವಾರ್ಡನ್ ಮೇಡಂ ಬಂದು ನೋಡಿ ಚಕ್ರ ತಿರುಗಿಸಿ ಹೋದರು. ಬ್ರಷ್ ತೊಳೆದ ನೀರು ಬೇಸಿನ್ನಿಗೆ ಚೆಲ್ಲಬಹುದಾ? ಥಿನ್ನರ್ ಬಳಸುವವರು ಎಲ್ಲಿ ಚೆಲ್ಲುತ್ತೀರಿ?

ಬಂದರ್ ಗನ್ನು:
ನೀರಿನ ಬಣ್ಣ ಆದರೂ ಮೊದಲು ಬ್ರಷ್ಷನ್ನು ಪೇಪರಿನಲ್ಲಿ ಚೆನ್ನಾಗಿ ಒರೆಸಿ, ಆಮೇಲೆ ತೊಳೆಯಿರಿ. ಥಿನ್ನರ್ ಬೇಸಿನ್ನಿಗೂ ಬೇಡ, ತೆಂಗಿನ ಬುಡಕ್ಕೂ ಬೇಡ. ನಮ್ಮ ಕಡೆ ಮನೆಮನೆಗೂ ಬಾವಿ ಉಂಟು, ಮುರಕಲ್ಲಿನ ಮಣ್ಣಿನಲ್ಲಿ ಚೆಲ್ಲಿದ್ದು ಇಳಿಯಲಿಕ್ಕೆ ಹೊತ್ತು ಬೇಡ. ಮುಚ್ಚಳ ಇರುವ ಗಾಜಿನ ಬಾಟಲಿಯಲ್ಲಿ ಹಾಕಿಡಿ. ಬಣ್ಣ ಅಡಿಗೆ ಕೂರುತ್ತದೆ, ಮೇಲಿನ ತಿಳಿಯನ್ನು ಏರ್‌ಬ್ರಷ್ ತೊಳೆಯಲಿಕ್ಕೆ ಪುನಃ ಬಳಸಬಹುದು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡದೆ ಹೊರಗೆ ಬಿಡಿಸಿ ಹಾಕಿ ಒಣಗಿಸಿ. ಉಳಿದ ಕೆಸರು ಜಾಸ್ತಿ ಆದರೆ ಮಂಗಳೂರಿಗೆ ಬಂದಾಗ ನನ್ನ ಶೆಡ್ಡಿಗೆ ತನ್ನಿ, ನಮ್ಮ ವೇಸ್ಟ್ ಡ್ರಮ್ಮಿಗೆ ಹಾಕುತ್ತೇನೆ.

ಕಲ್ಸಂಕ ಕ್ಲಚ್:
ಹಾರ್ಲಿಕ್ಸ್ ಬಾಟಲಿ ಆಗುತ್ತದಾ?

ಬಂದರ್ ಗನ್ನು:
ಗಾಜಿನದ್ದು ಆದರೆ ಆಗುತ್ತದೆ. ಮೇಲೆ "ಥಿನ್ನರ್" ಅಂತ ದೊಡ್ಡದಾಗಿ ಬರೆದು, ಅಡುಗೆಮನೆಯಿಂದ ದೂರ ಇಡಿ.